ನಿಂತರೊಂದು ದರ, ಕೂತರೊಂದು ದರ

ಇಟಲಿಯ ಬಾರ್‌ಗಳಲ್ಲಿ ಒಂದೇ ಕಾಫಿಗೆ ಎರಡು ಬೆಲೆ. ಅಲ್ಲಿ ಬಾರ್ ಎಂದರೆ ಬೆಳಗ್ಗೆ ಆರೇಳಕ್ಕೇ ಬಾಗಿಲು ತೆಗೆಯುವ ಕಾಫಿ ಹೋಟೆಲು. ಮದ್ಯ ಏನಿದ್ದರೂ ಸಂಜೆಯ ಮಾತು. ಬೆಲೆಪಟ್ಟಿ ಕಾಣುವಂತೆ ಹಾಕುವುದು ಕಡ್ಡಾಯ. ಅದರಲ್ಲಿ ‘ಬಾಂಕೊ’ ಎಂಬ ಕಲಂ ಕೌಂಟರಿನ ಮುಂದೆ ನಿಂತು ಕುಡಿಯುವವರಿಗೆ, ‘ತಾವೊಲೊ’ ಎಂಬುದು ಮೇಜಿಗೆ ತರಿಸಿಕೊಳ್ಳುವವರಿಗೆ. ಟುರಿನ್‌ನಂಥ ಊರಿನಲ್ಲಿ ನಿಂತು ಕುಡಿಯುವ ಎಸ್ಪ್ರೆಸ್ಸೊ ಒಂದೂಕಾಲು ಯೂರೋ ಆಸುಪಾಸು. ಅದೇ ಕಾಫಿ ದೊಡ್ಡ ಚೌಕದ ಮೇಜಿಗೆ ಬಂದರೆ ಮೂರು ಯೂರೋ ದಾಟುವುದು ಸಾಮಾನ್ಯ. ವೆನಿಸ್‌ನ ಸಾನ್ ಮಾರ್ಕೊ ಚೌಕದಲ್ಲಿ 1720ರಲ್ಲಿ ಶುರುವಾದ ಫ್ಲೋರಿಯನ್ ಕೆಫೆಯಲ್ಲಂತೂ ಹೊರಗೆ ವಾದ್ಯಮೇಳ ನುಡಿಯುತ್ತಿದ್ದರೆ ಸಂಗೀತದ ಶುಲ್ಕವೂ ಬಿಲ್ಲಿಗೆ ಸೇರುತ್ತದೆ.

ಈ ಎರಡು ದರದ ಹಿಂದೆ ಯಂತ್ರದ ಕಥೆಯೂ ಇದೆ, ಕಾನೂನಿನ ಕಥೆಯೂ ಇದೆ. ಹಬೆಯ ಒತ್ತಡದಿಂದ ಬೇಗ ಕಾಫಿ ಇಳಿಸುವ ಯಂತ್ರಕ್ಕೆ ಆಂಜೆಲೊ ಮೊರಿಯೊಂಡೊ 1884ರಲ್ಲಿ ಟುರಿನ್‌ನಲ್ಲೇ ಪೇಟೆಂಟ್ ಪಡೆದ. ಕಾಫಿ ಅರ್ಧ ನಿಮಿಷದಲ್ಲಿ ಇಳಿಯುವ ಕಾಲ ಬಂದಮೇಲೆ ಅದಕ್ಕಾಗಿ ಕೂರುವ ಅಗತ್ಯ ಕಡಿಮೆಯಾಯಿತು. 1911ರಲ್ಲಿ ಅವಶ್ಯಕ ವಸ್ತುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸುವ ಅಧಿಕಾರ ನಗರಾಡಳಿತಗಳ ಕೈಗೆ ಬಂತು. ಮೇಜಿನ ಸೇವೆಯಿಲ್ಲದೆ ಕೊಡುವ ಕಾಫಿಯೂ ಆ ಲೆಕ್ಕದೊಳಗೆ ಬಂದಿತು. ಬೆಲೆ ಕಟ್ಟಿಹಾಕಿದ್ದು ನಿಂತವರ ಕಾಫಿಗೆ ಮಾತ್ರ. ಕೂತವರಿಂದ ಎಷ್ಟು ತೆಗೆದುಕೊಳ್ಳಬೇಕೆಂಬುದು ಹೋಟೆಲಿನವರಿಗೇ ಬಿಟ್ಟದ್ದು. ಆ ನಿಯಂತ್ರಣ ಈಗಿಲ್ಲ, ಅಭ್ಯಾಸ ಉಳಿದಿದೆ. ನಿಂತವರ ಎಸ್ಪ್ರೆಸ್ಸೊಗೆ ಹತ್ತು ಸೆಂಟು ಏರಿದರೂ ಅಲ್ಲಿನ ಪತ್ರಿಕೆಗಳಿಗೆ ಅದು ಸುದ್ದಿ.

ಅನೇಕ ಬಾರ್‌ಗಳಲ್ಲಿ, ಅದರಲ್ಲೂ ರೈಲು ನಿಲ್ದಾಣಗಳಲ್ಲಿ, ಮೊದಲು ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಟ್ಟಿ ರಸೀದಿ ತೆಗೆದುಕೊಂಡು ಕೌಂಟರಿನ ಮೇಲಿಡಬೇಕು. ಬೆಂಗಳೂರಿನ ದರ್ಶಿನಿಗಳಲ್ಲಿ ಟೋಕನ್ ಹಿಡಿದು ನಿಂತು ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಫಿ ಬರುವುದು ಮೂರು ಗುಟುಕಿನ ಪಿಂಗಾಣಿ ಬಟ್ಟಲಲ್ಲಿ. ನೇಪಲ್ಸ್ ಕಡೆ ಜೊತೆಗೆ ಒಂದು ಲೋಟ ನೀರು. ಕುಡಿದು ಹೊರಬೀಳಲು ಐದು ನಿಮಿಷ ಸಾಕು. ಬೈಟೂ ಮಾತ್ರ ಇಲ್ಲ, ಅಷ್ಟು ಪುಟ್ಟ ಬಟ್ಟಲನ್ನು ಹಂಚುವುದಾದರೂ ಹೇಗೆ? ಹಂಚಿಕೊಳ್ಳುವ ಬೇರೊಂದು ಪದ್ಧತಿ ನೇಪಲ್ಸ್‌ನದು: ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟುಹೋಗುವುದು. ಎರಡನೆಯದು ಕೈಯಲ್ಲಿ ಕಾಸಿಲ್ಲದೆ ಬಂದು ಕೇಳಿದವರಿಗೆ. ಅದನ್ನು ‘ಸೊಸ್ಪೆಸೊ’ ಎನ್ನುತ್ತಾರೆ.

ಓದಲೋ ಕೆಲಸಕ್ಕೋ ಹೊಸದಾಗಿ ಹೋದವರು ಮೊದಲ ವಾರಗಳಲ್ಲಿ ಪ್ರತಿ ಕಪ್ಪನ್ನೂ ರೂಪಾಯಿಗೆ ತಿರುಗಿಸಿ ಸಂಕಟಪಡುತ್ತಾರೆ. ಯೂರೋಗೆ ನೂರು ರೂಪಾಯಿ ಹಿಡಿದರೂ ಒಂದು ಗುಟುಕಿಗೆ ನಲವತ್ತು ರೂಪಾಯಿ! ಊರಿನಿಂದ ದುಡ್ಡು ತರಿಸಿಕೊಂಡು ಓದುವವರಿಗೆ ಈ ಲೆಕ್ಕ ಬೇಕೇ ಬೇಕು. ಅಲ್ಲೇ ದುಡಿದು ಅಲ್ಲೇ ಖರ್ಚು ಮಾಡುವವರಿಗೆ ಅದು ವ್ಯರ್ಥ ತಲೆನೋವು. ಇಬ್ಬರಿಗೂ ಉಪಯೋಗಕ್ಕೆ ಬರುವುದು ಎರಡು ಕಲಂಗಳ ನಡುವಿನ ವ್ಯತ್ಯಾಸ. ಒಂದೂಕಾಲು ಯೂರೋಗೂ ಮೂರು ಯೂರೋಗೂ ನಡುವೆ ಒಂದೂಮುಕ್ಕಾಲು. ತಿಂಗಳಿಗೆ 25 ಸಲ ಕೂತರೆ ಸುಮಾರು 44 ಯೂರೋ. ಹತ್ತು ತಿಂಗಳ ಶೈಕ್ಷಣಿಕ ವರ್ಷಕ್ಕೆ 440. ಇದು ಕಾಫಿಯ ಖರ್ಚಲ್ಲ, ಕುರ್ಚಿಯ ಬಾಡಿಗೆ.

ವಿಶ್ವವಿದ್ಯಾಲಯಗಳ ಮೊಗಸಾಲೆಗಳಲ್ಲಿ ಇನ್ನೂ ಅಗ್ಗದ ದಾರಿಯಿದೆ: ನಾಣ್ಯ ಹಾಕಿದರೆ ಪ್ಲಾಸ್ಟಿಕ್ ಇಲ್ಲವೇ ಕಾಗದದ ಲೋಟಕ್ಕೆ ಕಾಫಿ ಸುರಿಯುವ ಯಂತ್ರ. ಬಾರ್‌ನ ಅರ್ಧ ಬೆಲೆಗೆ ಕಾಫಿ ಸಿಗುತ್ತದೆ, ರುಚಿಯೂ ಅರ್ಧವೇ. ಇವುಗಳಿಗೆ ಬೆರಳುದ್ದದ ಪ್ಲಾಸ್ಟಿಕ್ ಕೀಲಿ ಕೊಡುತ್ತಾರೆ, ಹೆಸರು ‘ಕಿಯಾವೆತ್ತ’. ಠೇವಣಿ ಇಟ್ಟು ಪಡೆದು, ಮುಂಗಡ ದುಡ್ಡು ತುಂಬಿಸಿ, ಯಂತ್ರದ ತೂತಿಗೆ ಚುಚ್ಚಿದರೆ ಪ್ರತಿ ಕಪ್ಪಿಗೂ ಕೆಲವು ಸೆಂಟು ರಿಯಾಯಿತಿ. ಆ ರಿಯಾಯಿತಿಗೆ ಒಂದು ಬಾಲವಿದೆ. ಕೀಲಿಯೊಳಗೆ ಹೋದ ದುಡ್ಡು ಸಾಮಾನ್ಯವಾಗಿ ಕಾಫಿಯಾಗಿಯೇ ಹೊರಬರಬೇಕು, ಒಂದು ಕಂಪನಿಯ ಕೀಲಿ ಇನ್ನೊಂದರ ಯಂತ್ರಕ್ಕೆ ನಡೆಯುವುದಿಲ್ಲ. ಓದು ಮುಗಿಸಿ ಊರಿಗೆ ಮರಳಿದವರ ಪೆಟ್ಟಿಗೆಯಲ್ಲಿ ಉಳಿದ ಕೀಲಿಗಳೆಲ್ಲ ಆ ಕಂಪನಿಗಳಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ. ಐದೈದು ಯೂರೋ ತುಂಬಿಸಿಕೊಳ್ಳುವುದೇ ಜಾಣತನ.

ಎಲ್ಲಕ್ಕಿಂತ ಅಗ್ಗದ ಕಾಫಿ ಮನೆಯದು. ಆಲ್ಫೊನ್ಸೊ ಬಿಯಾಲೆತ್ತಿಯ ಕಾರ್ಖಾನೆಯಿಂದ 1933ರಲ್ಲಿ ಬಂದ ಎಂಟು ಮೂಲೆಯ ಅಲ್ಯೂಮಿನಿಯಂ ಮೋಕಾ ಪಾತ್ರೆ ಬಾಡಿಗೆ ಮನೆಗಳ ಅಡುಗೆಕೋಣೆಯಲ್ಲಿ ಮೊದಲೇ ಇರುತ್ತದೆ. ಮೂರು ಕಪ್ಪಿನ ಮೋಕಾಕ್ಕೆ ಸುಮಾರು 15 ಗ್ರಾಂ ಪುಡಿ ಬೇಕು, ಕಾಲು ಕಿಲೋ ಪೊಟ್ಟಣ ಹದಿನಾರು ಸಲಕ್ಕೆ ಬರುತ್ತದೆ. ಪೊಟ್ಟಣಕ್ಕೆ ಐದು ಯೂರೋ ಎಂದರೂ ಸಲಕ್ಕೆ ಮೂವತ್ತು ಸೆಂಟು. ಅದಕ್ಕೆ ಬಿಸಿ ಹಾಲು ಬೆರೆಸಿದರೆ ನಮ್ಮ ಕಡೆಯವರ ಒಂದು ದೊಡ್ಡ ಲೋಟ. ಟುರಿನ್‌ನಲ್ಲಿ ಓದುತ್ತಿದ್ದಾಗ ಈ ಅಂಕಣಕಾರ ಇಟ್ಟಿದ್ದ ಖರ್ಚಿನ ಪುಸ್ತಕದಲ್ಲಿ ಕಾಫಿಗೆ ಮೂರು ಸಾಲು: ಮನೆ, ಯಂತ್ರ, ಬಾರ್. ಕಪ್ಪುಗಳ ಲೆಕ್ಕದಲ್ಲಿ ಬಾರ್ ಕೊನೆಯದು, ದುಡ್ಡಿನ ಲೆಕ್ಕದಲ್ಲಿ ಮೊದಲನೆಯದು. ಹಾಗೆಂದು ಮೇಜಿನ ಕಾಫಿಯೆಲ್ಲ ದಂಡವಲ್ಲ. ಸ್ನೇಹಿತರೊಡನೆ ಎರಡು ತಾಸು ಕೂತರೂ ಮಾಣಿ ಬಂದು ಎದ್ದೇಳಿ ಅನ್ನುವುದಿಲ್ಲ. ಆ ಸಂಜೆಗೆ ಮೂರು ಯೂರೋ ನ್ಯಾಯದ ಬೆಲೆ. ಒಬ್ಬರೇ ಕೂತು ಓದುವುದಕ್ಕಾದರೆ ಗ್ರಂಥಾಲಯದ ಕುರ್ಚಿ ಪುಕ್ಕಟೆ.

ಈ ಕಾಫಿಯಲ್ಲಿ ಕರ್ನಾಟಕವೂ ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಬಹುಕಾಲದಿಂದ ಇಟಲಿ. ಭಾರತದ ಬೆಳೆಯಲ್ಲಿ ಸುಮಾರು ಶೇ. 70 ಕೊಡಗು, ಚಿಕ್ಕಮಗಳೂರು, ಹಾಸನದ್ದು. ಎಸ್ಪ್ರೆಸ್ಸೊದ ಮೇಲೆ ದಪ್ಪ ನೊರೆ ನಿಲ್ಲಲು ಮಿಶ್ರಣಕ್ಕೆ ಸೇರಿಸುವುದು ನಮ್ಮ ರೊಬಸ್ಟಾದಂಥ ಬೀಜ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಒಂದು ಎಸ್ಪ್ರೆಸ್ಸೊಗೆ 7 ಗ್ರಾಂ ಪುಡಿ. ಹುರಿದಾಗ ಕಳೆಯುವ ತೂಕ ಸೇರಿಸಿದರೆ ಎಂಟೂವರೆ ಗ್ರಾಂ ಹಸಿ ಬೀಜ. ಆ ದಾಖಲೆ ದರದಲ್ಲೂ ಅದರ ಬೆಲೆ ಸುಮಾರು ನಾಲ್ಕು ಸೆಂಟು. ಬೀಜದ ದರ ಅರ್ಧದಿಂದ ಅಲ್ಲಿಗೆ ಏರಿದರೂ ಕಪ್ಪಿನ ಮೇಲೆ ಬೀಳುವ ಹೆಚ್ಚುವರಿ ಎರಡು ಸೆಂಟಷ್ಟೇ. ಬೀಜ ತುಟ್ಟಿಯಾಯಿತೆಂದು ಕಪ್ಪಿಗೆ ಹತ್ತು ಸೆಂಟು ಏರಿಸಿದ ಬಾರ್‌ನಲ್ಲಿ ಉಳಿದ ಎಂಟು ಸೆಂಟು ಹೋಗುವುದು ಸಂಬಳ, ಬಾಡಿಗೆ, ಕರೆಂಟು, ತೆರಿಗೆಗೆ, ಸೋಮವಾರಪೇಟೆಯ ತೋಟಕ್ಕಲ್ಲ.