ಜಠರ ಚಿಕ್ಕದಾದರೆ ಏನಾಗುತ್ತದೆ? – 10ನೇ ತರಗತಿಯ ‘ಪೋಷಣೆ’ ಪಾಠದ ಒಂದು ಅನುಭವ

10ನೇ ತರಗತಿಯ ವಿಜ್ಞಾನದಲ್ಲಿ ‘ಜೀವಕ್ರಿಯೆಗಳು’ ಘಟಕದ ಪೋಷಣೆಯ ಭಾಗವನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ಒಂದು ಚಿತ್ರಪಟ ಹಿಡಿದು ಕಲಿಸುತ್ತೇವೆ. ಬಾಯಿ, ಅನ್ನನಾಳ, ಜಠರ, ಸಣ್ಣಕರುಳು, ದೊಡ್ಡಕರುಳು ಎಂದು ಕೋಲಿನಿಂದ ತೋರಿಸಿ, ಕಿಣ್ವಗಳ ಕೋಷ್ಟಕ ಬರೆಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮಕ್ಕಳು ಭಾಗಗಳನ್ನು ಸರಿಯಾಗಿಯೇ ಗುರುತಿಸುತ್ತಾರೆ. ಆದರೆ ಒಂದು ಅಂಗದ ಕೆಲಸ ನಿಜವಾಗಿ ಅರ್ಥವಾಗಿದೆಯೇ ಎಂದು ತಿಳಿಯಬೇಕಾದರೆ, ಆ ಅಂಗ ಬದಲಾದರೆ ಏನಾಗುತ್ತದೆ ಎಂದು ಕೇಳಬೇಕು. ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಎರಡು ಅವಧಿಗಳನ್ನು ಈ ಒಂದೇ ಪ್ರಶ್ನೆಯ ಮೇಲೆ ನಡೆಸಿದೆ: ‘ಜಠರದ ಮುಕ್ಕಾಲು ಭಾಗ ಇಲ್ಲದಿದ್ದರೆ ಏನಾಗುತ್ತದೆ?’

ಈ ಉದಾಹರಣೆಯನ್ನು ಆರಿಸಿಕೊಳ್ಳಲು ಕಾರಣವಿತ್ತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ನನಗೆ ಆಗ ಹತ್ತು ತಿಂಗಳಾಗಿತ್ತು. ಶಿವಮೊಗ್ಗದಿಂದ ದಿನವೂ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ನಿಂತು ಪಾಠ ಮಾಡಿ, ಸಂಜೆ ಪಾಠ ಯೋಜನೆ ಬರೆಯುವ ದಿನಚರಿಗೆ ನನ್ನ ದೇಹ ಹೊಂದಿಕೊಳ್ಳುತ್ತಿದ್ದ ಕಾಲವದು.

ವಿಷಯದ ಹಿನ್ನೆಲೆ

ಸಹಪಾಠಿಗಳಿಗೆ ಉಪಯೋಗವಾಗಲೆಂದು ಕೆಲವು ಅಂಶಗಳನ್ನು ಮೊದಲೇ ಹೇಳುತ್ತೇನೆ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ತೂಕ ಇಳಿಸುವುದಕ್ಕಾಗಿ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್‌ನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಡುವೋಡಿನಮ್ ಅನ್ನು ಬಿಟ್ಟು ಸಾಗುತ್ತದೆ. ಈಗ ಹೆಚ್ಚು ನಡೆಯುವುದು ಸ್ಲೀವ್ ವಿಧಾನ. ಇದರಲ್ಲಿ ಜಠರದ ಶೇಕಡಾ 75ರಿಂದ 80ರಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಮಾಡುತ್ತಾರೆ. ಕರುಳಿನ ದಾರಿ ಬದಲಾಗುವುದಿಲ್ಲ. ನನಗೆ ಆದದ್ದು ಸ್ಲೀವ್.

ಇದು ಯಾರು ಬೇಕಾದರೂ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಲ್ಲ. ದೇಹದ ದ್ರವ್ಯರಾಶಿ ಸೂಚ್ಯಂಕ ಅಂದರೆ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ 35 ದಾಟಿ ಮಧುಮೇಹದಂಥ ಕಾಯಿಲೆಯೂ ಇರಬೇಕು ಎಂಬುದು 1991ರ ಅಮೆರಿಕದ ಮಾರ್ಗಸೂಚಿ. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಟನೆಗಳು ಈ ಮಿತಿಯನ್ನು 35ಕ್ಕೆ ಇಳಿಸಿದವು. ಏಷ್ಯಾದವರಿಗೆ ಮಿತಿ ಇನ್ನೂ ಕಡಿಮೆ. ನನ್ನ ಸೂಚ್ಯಂಕ 45ರ ಹತ್ತಿರವಿತ್ತು, ಸಕ್ಕರೆ ಕಾಯಿಲೆಯೂ ಶುರುವಾಗಿತ್ತು.

ಮೊದಲ ಅವಧಿ: ಪೂರ್ವಜ್ಞಾನ ಮತ್ತು ಅನ್ವೇಷಣೆ

ಪೂರ್ವಜ್ಞಾನದ ಪ್ರಶ್ನೆಗೆ ಮಕ್ಕಳು ಕೊಟ್ಟ ಉತ್ತರಗಳಲ್ಲಿ ಮೂರನ್ನು ಕಪ್ಪುಹಲಗೆಯ ಮೇಲೆ ಹಾಗೆಯೇ ಬರೆದೆ. ಒಂದು, ‘ಜೀರ್ಣವೇ ಆಗುವುದಿಲ್ಲ’. ಎರಡು, ‘ಸ್ವಲ್ಪ ತಿಂದರೆ ಸಾಕು, ಬೇರೇನೂ ಆಗಲ್ಲ’. ಮೂರು, ‘ಆಪರೇಷನ್ ಅಂದ್ರೆ ಕೊಬ್ಬು ತೆಗೆಯೋದು, ಜಠರಕ್ಕೂ ಅದಕ್ಕೂ ಸಂಬಂಧ ಇಲ್ಲ’. ಮೂರನ್ನೂ ಪಾಠದ ಕೊನೆಯಲ್ಲಿ ಪರೀಕ್ಷಿಸೋಣ ಎಂದೆ.

ಬೋಧನೋಪಕರಣಗಳು ಸರಳ: ಒಂದು ಲೀಟರ್ ನೀರಿನ ಬಾಟಲಿ, ಸಣ್ಣ ಔಷಧಿಯ ಅಳತೆ ಲೋಟ, ಆರು ಮೀಟರ್ ಹಗ್ಗ, ಒಂದು ಟರ್ಕಿ ಟವೆಲ್. ಬಾಟಲಿ ಸಾಮಾನ್ಯ ಜಠರ, ಲೋಟ ಬೈಪಾಸ್‌ನ ಚೀಲ, ಹಗ್ಗ ಸಣ್ಣಕರುಳು, ಟವೆಲಿನ ಎಳೆಗಳು ವಿಲ್ಲೈ. ಹಗ್ಗವನ್ನು ಕೊಠಡಿಯ ಉದ್ದಕ್ಕೂ ಹಿಡಿದು ನಿಂತಾಗ ಮಕ್ಕಳೇ ಹೇಳಿದರು: ‘ಜಠರ ಚಿಕ್ಕದಾದ್ರೂ ಇಷ್ಟುದ್ದ ಕರುಳು ಇದೆಯಲ್ಲ ಮಿಸ್.’ ಮೊದಲ ಉತ್ತರ ಅಲ್ಲಿಯೇ ಬಿದ್ದುಹೋಯಿತು. ಜೀರ್ಣಕ್ರಿಯೆಯ ಹೆಚ್ಚಿನ ಕೆಲಸವೂ ಹೀರಿಕೆಯೂ ಸಣ್ಣಕರುಳಿನಲ್ಲಿ ನಡೆಯುತ್ತವೆ ಎಂಬ ಪಠ್ಯದ ವಾಕ್ಯವನ್ನು ನಾನು ಹೇಳುವ ಮೊದಲೇ ಅವರು ಕಂಡುಕೊಂಡಿದ್ದರು.

ಮೂರನೆಯ ಉತ್ತರಕ್ಕೂ ಒಂದು ಕಾರಣವಿತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಸೌಂದರ್ಯ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ಮಕ್ಕಳ ಮನೆಗಳಲ್ಲಿ ಇನ್ನೂ ಮಾತಾಗುತ್ತದೆ. ಅದು ಚರ್ಮದ ಕೆಳಗಿನ ಕೊಬ್ಬಿಗೆ ಸಂಬಂಧಿಸಿದ ವಿಧಾನ, ಜಠರವನ್ನು ಮುಟ್ಟುವುದಿಲ್ಲ. ಎರಡೂ ಬೇರೆ ಬೇರೆ, ಎರಡಕ್ಕೂ ಅದರದ್ದೇ ಅಪಾಯಗಳಿವೆ ಎಂದು ವಿವರಿಸಿದೆ.

ಎರಡನೆಯ ಅವಧಿ: ಊಹೆ ಮತ್ತು ವಿವರಣೆ

ತರಗತಿಯನ್ನು ಐದು ಗುಂಪು ಮಾಡಿ, ಶಸ್ತ್ರಚಿಕಿತ್ಸೆ ಆದವರು ಪಾಲಿಸುವ ಒಂದೊಂದು ನಿಯಮವಿರುವ ಚೀಟಿ ಕೊಟ್ಟೆ. ಕಾರಣವನ್ನು ಪಠ್ಯಪುಸ್ತಕದ ಸಹಾಯದಿಂದ ಅವರೇ ಊಹಿಸಬೇಕಿತ್ತು.

ಮೊದಲ ಚೀಟಿ: ಮೊದಲ ದಿನಗಳಲ್ಲಿ ತಿಳಿನೀರು, ಆಮೇಲೆ ಹಾಲು ಮಜ್ಜಿಗೆಯಂಥ ದ್ರವ, ನಂತರ ಅರೆದದ್ದು, ಮೆತ್ತನೆಯದು, ಸುಮಾರು ಆರರಿಂದ ಎಂಟು ವಾರಕ್ಕೆ ಗಟ್ಟಿ ಆಹಾರ. ‘ಹೊಲಿಗೆ ಮಾಯಬೇಕು’ ಎಂದು ಮಕ್ಕಳು ಕೂಡಲೇ ಹೇಳಿದರು.

ಎರಡನೆಯದು: ಊಟದ ಜೊತೆಗೂ, ಊಟವಾದ ಅರ್ಧ ಗಂಟೆಯವರೆಗೂ ನೀರು ಕುಡಿಯಬಾರದು. ಜಾಗ ಚಿಕ್ಕದು, ನೀರು ತುಂಬಿದರೆ ಆಹಾರಕ್ಕೆ ಎಡೆಯಿಲ್ಲ ಎಂಬುದು ಗುಂಪಿನ ಉತ್ತರ.

ಮೂರನೆಯದು: ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ನಮ್ಮ ಮಲೆನಾಡಿನ ಊಟ ಇದಕ್ಕೆ ತಿರುವುಮುರುವು: ಗುಡ್ಡೆ ಅನ್ನ, ಅದಕ್ಕೆ ಸಾರು, ಪಕ್ಕದಲ್ಲಿ ಚೂರು ಪಲ್ಯ.

ನಾಲ್ಕನೆಯದು: ಸಿಹಿ ಜಾಸ್ತಿ ತಿಂದರೆ ಎದೆ ಬಡಿತ ಏರಿ ಬೆವರು ಬರಬಹುದು. ಸಕ್ಕರೆ ಬೇಗ ಸಣ್ಣಕರುಳಿಗೆ ಇಳಿದು ಅಲ್ಲಿಗೆ ನೀರನ್ನು ಸೆಳೆಯುತ್ತದೆ. ಡಂಪಿಂಗ್ ಎಂಬ ಈ ತೊಂದರೆ ಬೈಪಾಸ್ ಆದವರಲ್ಲಿ ಹೆಚ್ಚು. ಹಿಂದಿನ ವರ್ಷ ಕಲಿತಿದ್ದ ಅಭಿಸರಣೆಯನ್ನು ಇಲ್ಲಿ ಒಬ್ಬ ಹುಡುಗ ತಾನಾಗಿಯೇ ನೆನಪಿಸಿಕೊಂಡ.

ಐದನೆಯದು: ಜೀವನಪೂರ್ತಿ ವಿಟಮಿನ್ ಮತ್ತು ಖನಿಜದ ಮಾತ್ರೆ. ಇದು ಕಷ್ಟವಾಯಿತು. ವಿಟಮಿನ್ ಬಿ12 ಹೀರಿಕೆಯಾಗಲು ಜಠರದ ಗೋಡೆ ಸ್ರವಿಸುವ ಒಂದು ಪ್ರೋಟೀನ್ ಬೇಕು. ಯಕೃತ್ತಿನಲ್ಲಿ ಬಿ12 ಸಂಗ್ರಹವಿರುವುದರಿಂದ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಆಗಬಹುದು. ಆದ್ದರಿಂದಲೇ ‘ಚೆನ್ನಾಗಿದ್ದೇನೆ’ ಎಂದು ಮಾತ್ರೆ ಬಿಡುವಂತಿಲ್ಲ. ಕಬ್ಬಿಣ ಹೀರಿಕೆಯಾಗುವುದು ಮುಖ್ಯವಾಗಿ ಡುವೋಡಿನಮ್‌ನಲ್ಲಿ, ಅದಕ್ಕೆ ಜಠರದ ಆಮ್ಲವೂ ನೆರವಾಗುತ್ತದೆ. ‘ನಮ್ಮ ಫ್ಯಾಕ್ಟರಿ ಕಬ್ಬಿಣವೂ ರಕ್ತದ ಕಬ್ಬಿಣವೂ ಒಂದೇನಾ ಮಿಸ್?’ ಎಂಬ ಪ್ರಶ್ನೆ ಬಂತು. 1923ರಿಂದ ಕಬ್ಬಿಣ ಕರಗಿಸಿದ ಊರಿನ ಮಕ್ಕಳು ಕೇಳಬೇಕಾದ ಪ್ರಶ್ನೆಯೇ. ಧಾತು ಒಂದೇ, ವಯಸ್ಕರ ದೇಹದಲ್ಲಿ ಇರುವುದು ಮೂರು ನಾಲ್ಕು ಗ್ರಾಂ ಮಾತ್ರ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಏಕೆ ತೆಗೆದುಕೊಳ್ಳಬಾರದು, ನಿಂಬೆ ಏಕೆ ಒಳ್ಳೆಯದು ಎಂಬುದಕ್ಕೂ ಇಲ್ಲಿಂದಲೇ ದಾರಿ ಸಿಕ್ಕಿತು.

ಇಷ್ಟಾದ ಮೇಲೆ ಎರಡನೆಯ ಉತ್ತರವನ್ನು ಮಕ್ಕಳೇ ಅಳಿಸಿದರು.

ಯೋಜನೆಯಲ್ಲಿ ಇಲ್ಲದ ಪ್ರಶ್ನೆ

ಪಾಠ ಯೋಜನೆಯಲ್ಲಿ ನಾನು ‘ಒಬ್ಬ ರೋಗಿ’ ಎಂದಷ್ಟೇ ಬರೆದಿದ್ದೆ. ಮಾರ್ಗದರ್ಶಕ ಶಿಕ್ಷಕಿ, ‘ನಿನ್ನ ವಿಷಯ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು’ ಎಂದಿದ್ದರು. ಎರಡನೆಯ ಚೀಟಿಯ ಗುಂಪಿನ ಹುಡುಗಿಯೊಬ್ಬಳು ಎದ್ದು, ‘ನೀವೂ ಊಟದ ಜೊತೆ ನೀರು ಕುಡಿಯಲ್ಲ, ಅಲ್ವಾ ಮಿಸ್?’ ಎಂದಳು. ಬಿಸಿಯೂಟದ ಹೊತ್ತಿನಲ್ಲಿ ನೋಡಿದ್ದಳಂತೆ. ಹೌದು, ಆ ರೋಗಿ ನಾನೇ ಎಂದೆ. ಯಾರೂ ನಗಲಿಲ್ಲ. ನಂತರದ ಪ್ರಶ್ನೆಗಳು ಪುಸ್ತಕದಿಂದ ಹೊರಗೆ ಬಂದವು: ಹಸಿವಾಗುತ್ತದೆಯೇ, ನೋವಾಯಿತೇ, ಕೂದಲು ಏಕೆ ಉದುರಿತು?

ಹಸಿವಿನ ಗ್ರೆಲಿನ್ ಹಾರ್ಮೋನು 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು, ಅದು ಹೆಚ್ಚಾಗಿ ಸ್ರವಿಸುವ ಜಠರದ ಮೇಲ್ಭಾಗ ಸ್ಲೀವ್‌ನಲ್ಲಿ ಹೋಗುತ್ತದೆ, ಹಾಗಾಗಿ ಹಸಿವು ಕಡಿಮೆ ಎಂದೆ. ಆದರೆ ಬೇಸರವಾದಾಗ ಮಂಡಕ್ಕಿ ಮಿರ್ಚಿ ಬೇಕೆನಿಸುವುದು ಜಠರದ ಹಸಿವಲ್ಲ. ಅದನ್ನು ಯಾವ ಶಸ್ತ್ರಚಿಕಿತ್ಸೆಯೂ ತೆಗೆಯುವುದಿಲ್ಲ. ಮೂರನೆಯ ತಿಂಗಳಿನಿಂದ ಉದುರಿದ ಕೂದಲು ಮತ್ತೆ ಬರುತ್ತಿದೆ. ತೂಕ ಕೆಲವು ವಾರ ಇಳಿಯದೆ ನಿಲ್ಲುತ್ತದೆ. ಅಭ್ಯಾಸ ತಪ್ಪಿದರೆ ವರ್ಷಗಳ ನಂತರ ಮರಳಿ ಏರಲೂಬಹುದು. ಶಸ್ತ್ರಚಿಕಿತ್ಸೆ ಜಾಗವನ್ನು ಚಿಕ್ಕದು ಮಾಡುತ್ತದೆ, ಊಟವನ್ನು ಹೊಸದಾಗಿ ಕಲಿಯುವ ಕೆಲಸ ನಮಗೇ ಉಳಿಯುತ್ತದೆ ಎಂದು ಮುಗಿಸಿದೆ.

ಬೆಲ್ ಆದಮೇಲೆ ಒಬ್ಬ ವಿದ್ಯಾರ್ಥಿನಿ ಹಿಂದೆ ಉಳಿದಳು. ತರಗತಿಯಲ್ಲಿ ಅವಳಿಗೆ ಒಂದು ಅಡ್ಡಹೆಸರು ಇದ್ದದ್ದು ನನಗೆ ಗೊತ್ತಿತ್ತು. ತೂಕ ಇಳಿಯಲೆಂದು ಮೂರು ವಾರದಿಂದ ಮಧ್ಯಾಹ್ನದ ಊಟ ಬಿಟ್ಟಿದ್ದೇನೆ, ಮೊಟ್ಟೆಯನ್ನು ಗೆಳತಿಗೆ ಕೊಡುತ್ತೇನೆ ಎಂದಳು. ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟರೆ ಮೊದಲು ಕರಗುವುದು ಶಕ್ತಿ ಮತ್ತು ಸ್ನಾಯು ಎಂದು ಹೇಳಿ, ನಾನು ಕಡಿಮೆ ತಿನ್ನುವುದು ವೈದ್ಯರ, ಆಹಾರತಜ್ಞರ, ರಕ್ತಪರೀಕ್ಷೆಗಳ ಕಾವಲಿನಲ್ಲಿ ಎಂದು ವಿವರಿಸಿದೆ. ಅವಳ ಒಪ್ಪಿಗೆ ಪಡೆದು ಮಾರ್ಗದರ್ಶಕ ಶಿಕ್ಷಕಿಗೆ ತಿಳಿಸಿದೆ. ಅವರು ತಾಯಿಯನ್ನು ಕರೆಸಿ ಮಾತಾಡಿದರು, ವೈದ್ಯರಿಗೆ ತೋರಿಸುವ ಏರ್ಪಾಟೂ ಆಯಿತು. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅವಳು ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದಳು. ಅಡ್ಡಹೆಸರು ಪೂರ್ತಿ ನಿಂತಿರಲಿಲ್ಲ.

ಸಹಪಾಠಿಗಳಿಗೆ ಕೆಲವು ಸೂಚನೆಗಳು

1. ಬಿಎಂಐ ಲೆಕ್ಕವನ್ನು ಕಾಲ್ಪನಿಕ ವ್ಯಕ್ತಿಯಿಂದಲೇ ಮಾಡಿಸಿ. 1.6 ಮೀಟರ್ ಎತ್ತರ, 96 ಕಿಲೋಗ್ರಾಂ ತೂಕ ಎಂದರೆ 37.5. ತರಗತಿಯಲ್ಲಿ ಮಕ್ಕಳನ್ನು ತೂಗಬೇಡಿ. ಬೆಳೆಯುವ ಮಕ್ಕಳಿಗೆ ವಯಸ್ಕರ ಮಿತಿಗಳು ಅನ್ವಯಿಸುವುದೂ ಇಲ್ಲ.

2. ‘ಹೊಟ್ಟೆಬಾಕತನದಿಂದ ದಪ್ಪ’ ಎಂಬಂಥ ವಾಕ್ಯಗಳನ್ನು ಪಾಠ ಯೋಜನೆಯಿಂದ ತೆಗೆಯಿರಿ. ಹಾರ್ಮೋನು, ಅನುವಂಶೀಯತೆ, ನಿದ್ದೆ, ಆಹಾರ ಎಲ್ಲವೂ ತೂಕದಲ್ಲಿ ಪಾಲುಗೊಳ್ಳುತ್ತವೆ.

3. ಚಿಕಿತ್ಸೆಯಲ್ಲಿರುವ ಪ್ರಶಿಕ್ಷಣಾರ್ಥಿಗಳಿದ್ದರೆ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಊಟದ ನಂತರದ ಅವಧಿಯಲ್ಲಿ ನನಗೆ ಗಂಟಲು ಒಣಗುತ್ತಿತ್ತು, ನೀರು ಕುಡಿಯುವ ಹಾಗಿರಲಿಲ್ಲ. ಆ ಅವಧಿಗಳನ್ನು ಗುಂಪು ಚಟುವಟಿಕೆಯಿಂದಲೇ ಆರಂಭಿಸಿದೆ. ಬೋಧನೆಗೂ ಅದು ಒಳ್ಳೆಯದೇ ಆಯಿತು.

4. ಸಿಬ್ಬಂದಿ ಕೊಠಡಿಯಲ್ಲಿ ‘ಇಷ್ಟೇನಾ? ಇನ್ನೊಂದು ರೊಟ್ಟಿ ಹಾಕ್ಕೊಳ್ಳಿ’ ಎನ್ನುವುದು ನಮ್ಮ ಕಡೆಯ ಪ್ರೀತಿ. ಒಮ್ಮೆ ಬೇಡವೆಂದರೆ ಅಲ್ಲಿಗೆ ಬಿಡುವುದೂ ಪ್ರೀತಿಯೇ.

5. ಮೌಲ್ಯಮಾಪನಕ್ಕೆ ಭಾಗಗಳ ಹೆಸರಿನ ಜೊತೆ ಒಂದು ‘ಬದಲಾದರೆ’ ಪ್ರಶ್ನೆ ಇರಲಿ. ನಾನು ಕೇಳಿದ್ದು: ‘ಪಿತ್ತಕೋಶ ತೆಗೆಸಿದವರು ಎಣ್ಣೆಯ ಪದಾರ್ಥ ಹೆಚ್ಚು ತಿಂದರೆ ಏನಾಗಬಹುದು, ಏಕೆ?’ ಈ ಪ್ರಶ್ನೆಯನ್ನು ನಾನು ಕಲಿಸಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಿತ್ತರಸ ಮತ್ತು ಕೊಬ್ಬಿನ ಸಂಬಂಧದಿಂದ ಉತ್ತರ ಕಟ್ಟಿದ್ದರು.