ಮಿರ್ಚಿ ಕಟ್ಟಿದ ಕಾಗದ ಯಾವ ಬುಟ್ಟಿಗೆ?

ಮಕ್ಕಳೇ, ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ತಿಂದ ಮೇಲೆ ಕೈಯಲ್ಲಿ ಉಳಿಯುವುದು ಎಣ್ಣೆ ಹೀರಿದ ಕಾಗದ. ಅದನ್ನು ಹಳೆಯ ನೋಟ್‌ಪುಸ್ತಕಗಳ ಜೊತೆ ಒಣ ಕಸಕ್ಕೆ ಹಾಕಬಹುದೇ?

ಮಾಡಿ ನೋಡಿ: ಕಾಗದದ ಎರಡು ಚೂರು ತೆಗೆದುಕೊಳ್ಳಿ. ಒಂದಕ್ಕೆ ಮಾತ್ರ ಎಣ್ಣೆ ಸವರಿ. ಬೇರೆ ಬೇರೆ ಲೋಟದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಿವುಚಿ. ಎಣ್ಣೆಯಿಲ್ಲದ್ದು ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಜಿಡ್ಡು ಹಾಗೆಯೇ ಅಂಟಿರುತ್ತದೆ.

ಕಾಗದವೆಂದರೆ ಹೆಚ್ಚಾಗಿ ಮರದ ನಾರು. (ಹರಿಹರದ ಎದುರು, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ಬಟ್ಟೆಯ ಎಳೆಯನ್ನೇ ತಯಾರಿಸುತ್ತಾರೆ!) ಹಳೆಯ ಕಾಗದವನ್ನು ನೀರಿನಲ್ಲಿ ಅರೆದು ಹೊಸ ಹಾಳೆ ಮಾಡುವಾಗ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು. ಎಣ್ಣೆ ಅದಕ್ಕೆ ಅಡ್ಡಿ. ಹಾಳೆಯಲ್ಲಿ ಕಲೆಯೂ ಉಳಿಯುತ್ತದೆ. ಒಳ್ಳೆಯ ರದ್ದಿಗೂ ಜಿಡ್ಡು ತಾಗಿದರೆ ಅದೂ ಕೆಟ್ಟಂತೆ.

ಪ್ಲಾಸ್ಟಿಕ್ ಲೇಪವಿಲ್ಲದ ಜಿಡ್ಡು ಕಾಗದವನ್ನು ಹರಿದು ಹಸಿ ಕಸಕ್ಕೆ ಹಾಕಿ. ಗೊಬ್ಬರದ ಗುಂಡಿಯಲ್ಲಿ ನಿಧಾನವಾಗಿ ಕೊಳೆಯುತ್ತದೆ. ನಾಳೆ ಕಸದ ಗಾಡಿ ಬರುವ ಮುಂಚೆ ನಿಮ್ಮ ಮನೆಯ ಒಣ ಕಸದಲ್ಲಿ ಇಂಥವು ಎಷ್ಟಿವೆ, ಎಣಿಸಿ ಬರೆದಿಡಿ.