ಬಿಸಿ ತಿಂಡಿಗೆ ಎಲೆಯೇ ಲೇಸು

ಸಂಜೆ ತುಮಕೂರಿನ ಬೀದಿ ಬದಿಯಲ್ಲಿ ಬಿಸಿ ಬೋಂಡ ಕೊಂಡರೆ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುವುದುಂಟು. ಮನೆಗೆ ಬಂದು ಬಿಚ್ಚಿದರೆ ಕಾಗದವೆಲ್ಲ ಎಣ್ಣೆ. ಅಕ್ಷರದ ಮಸಿ ಎಲ್ಲಿಗೆ ಹೋಯಿತೆಂದು ಯೋಚಿಸಿದ್ದೀರಾ? ಪತ್ರಿಕೆ ಇರುವುದು ಓದುವುದಕ್ಕೆ, ತಿಂಡಿ ಕಟ್ಟುವುದಕ್ಕಲ್ಲ.

ಮುದ್ರಣದ ಮಸಿಯಲ್ಲಿ ಹಲವು ರಾಸಾಯನಿಕಗಳಿರುತ್ತವೆ; ಸೀಸವೂ ಇರಬಹುದು. ಬಿಸಿ ಮತ್ತು ಎಣ್ಣೆ ಸೇರಿದಾಗ ಇವು ಸುಲಭವಾಗಿ ಆಹಾರಕ್ಕೆ ಇಳಿಯುತ್ತವೆ. ಒಂದು ದಿನ ತಿಂದವರಿಗೆ ಏನೂ ತಿಳಿಯದು. ಆದರೆ ಸೀಸವು ದೇಹದಲ್ಲಿ ಸ್ವಲ್ಪಸ್ವಲ್ಪವಾಗಿ ಸೇರುವ ವಿಷ. ಬೆಳೆಯುವ ಮಕ್ಕಳ ಮೆದುಳಿಗೆ ಅದರಿಂದ ಹೆಚ್ಚು ಹಾನಿ. ಆದ್ದರಿಂದಲೇ 2018ರ ಆಹಾರ ಪ್ಯಾಕಿಂಗ್ ನಿಯಮಗಳು ಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ.

ಹಾಗಾದರೆ ಯಾವುದರಲ್ಲಿ ಕಟ್ಟಿಸಿಕೊಳ್ಳಬೇಕು? ಹಿರಿಯರು ಬಳಸಿದ ಬಾಳೆಎಲೆ, ಮುತ್ತುಗದ ಎಲೆಗಳೇ ಇವೆಯಲ್ಲ! ಬೇಸಿಗೆಯಲ್ಲಿ ಮುತ್ತುಗ ಹೂಬಿಟ್ಟು ಚಿಗುರಿದ ಮೇಲೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಹೆಂಗಸರು ಎಲೆ ಕಿತ್ತು, ಒಣಗಿಸಿ, ಸಣ್ಣ ಕಡ್ಡಿಯಿಂದ ಹಚ್ಚಿ ಊಟದೆಲೆ ಮಾಡುತ್ತಾರೆ. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಮನೆಯ ಉಪ್ಪು-ಎಣ್ಣೆಗೆ ಅದೇ ಕಾಸು.

ಎಲೆಯೆಂದ ಮಾತ್ರಕ್ಕೆ ಎಚ್ಚರ ಬೇಡವೆಂದಲ್ಲ. ಈ ನಾಲ್ಕು ಮಾತು ನೆನಪಿಡಿ:

1. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಎಲೆಯನ್ನು ಒರೆಸಿ ಬಳಸಬೇಡಿ, ಎಸೆಯಿರಿ.
2. ಎಲೆಯನ್ನು ಶುದ್ಧ ನೀರಿನಲ್ಲಿ ತೊಳೆದು, ಒರೆಸಿ ಬಡಿಸಿ.
3. ಹಚ್ಚಿದ ಕಡ್ಡಿಯ ಚೂರು ಅನ್ನದಲ್ಲಿ ಬೆರೆತರೆ ಗಂಟಲಿಗೆ ಚುಚ್ಚಬಹುದು. ಮಕ್ಕಳಿಗೆ ಬಡಿಸುವ ಮುನ್ನ ನೋಡಿ.
4. ಯಂತ್ರದಲ್ಲಿ ಒತ್ತಿದ ಕೆಲವು ಎಲೆತಟ್ಟೆಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ತಿರುಗಿಸಿ ನೋಡಿ ಕೊಳ್ಳಿ.

ಎಲೆ ಹಚ್ಚುವ ತಾಯಂದಿರಿಗೂ ಒಂದು ಮಾತು. ಗಂಟೆಗಟ್ಟಲೆ ಬಗ್ಗಿ ಕುಳಿತರೆ ಕುತ್ತಿಗೆ, ಸೊಂಟ ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಗೋಡೆಗೆ ಒರಗಿ ಕುಳಿತುಕೊಳ್ಳಿ. ಬೆರಳಿಗೆ ಕಡ್ಡಿ ಚುಚ್ಚಿದರೆ ಅರಿಸಿನ ಮೆತ್ತಿ ಸುಮ್ಮನಾಗಬೇಡಿ. ಸೋಪಿನಿಂದ ತೊಳೆದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಬೆರಳು ಊದಿ ಕೀವಾದ ಮೇಲೆ ಬಂದರೆ ಎರಡು ವಾರದ ದುಡಿಮೆಯೇ ಹೋಗಬಹುದು.

ಮುಂದಿನ ಸಲ ಬೋಂಡ ಕೊಳ್ಳುವಾಗ ಎಲೆಯಲ್ಲಿ ಕಟ್ಟಿಕೊಡಲು ಕೇಳಿ. ಇಲ್ಲದಿದ್ದರೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಮದುವೆಗೆ ಎಲೆ ಕೊಳ್ಳುವಾಗ ಹೆಚ್ಚು ಚೌಕಾಸಿ ಮಾಡಬೇಡಿ. ಆ ಕಟ್ಟಿನ ಹಿಂದೆ ಒಬ್ಬ ತಾಯಿಯ ಬೆನ್ನುನೋವಿದೆ.